ರೋಲ್, ಪಿಚ್, ಯಾ: ಈ ಮೂರಕ್ಕೆ ಕನ್ನಡದ ಕ್ರಿಯಾಪದಗಳು ಯಾವುವು, ಮತ್ತು ‘ಎಡ’ ಎಂದರೆ ಯಾರ ಎಡ?

ಪ್ರೌಢಶಾಲೆಯ ಮಕ್ಕಳಿಗೆ ಚಿಕ್ಕ ಕ್ವಾಡ್‌ಕಾಪ್ಟರ್ (ನಾಲ್ಕು ಮೋಟಾರುಗಳ ಡ್ರೋನ್) ಹಾರಿಸುವುದನ್ನು ಹೇಳಿಕೊಡಲು ಕನ್ನಡದಲ್ಲಿ ಎರಡು ಪುಟಗಳ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ನಮ್ಮದು 250 ಗ್ರಾಂ ಒಳಗಿನ, ಅಂದರೆ 2021ರ ಡ್ರೋನ್ ನಿಯಮಗಳು ನ್ಯಾನೋ ಎಂದು ಕರೆಯುವ ವರ್ಗದ ಯಂತ್ರ. ಥ್ರಾಟಲ್, ಬ್ಯಾಟರಿ, ಮೋಟಾರುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ; ಬೈಕ್ ಓಡಿಸುವ ಊರಿನಲ್ಲಿ ಥ್ರಾಟಲ್‌ಗೆ ಕನ್ನಡ ಹುಡುಕುವುದು ವ್ಯರ್ಥ ಶ್ರಮವೆಂದು ನನ್ನ ಭಾವನೆ. ತೊಡಕಿರುವುದು ಯಂತ್ರದ ಮೂರು ಚಲನೆಗಳ ಹೆಸರಿನಲ್ಲಿ: ಎಡ ಅಥವಾ ಬಲ ಪಕ್ಕಕ್ಕೆ ಓರೆಯಾಗುವುದು (ರೋಲ್), ಮುಂಭಾಗ ತಗ್ಗುವುದು ಅಥವಾ ಏಳುವುದು (ಪಿಚ್), ಇದ್ದಲ್ಲಿಯೇ ಬೇರೆ ಕಡೆಗೆ ಮುಖ ಮಾಡುವುದು (ಯಾ). ಮೊದಲ ಕರಡಿನಲ್ಲಿ ‘ಪಿಚ್, ಯಾ, ರೋಲ್’ ಎಂದು ಬರೆದಿದ್ದೆ. ಅದನ್ನು ಓದಿದ ಹುಡುಗನೊಬ್ಬ ‘ಪಿಚ್ ಅಥವಾ ರೋಲ್’ ಎಂದು ಅರ್ಥ ಮಾಡಿಕೊಂಡ. ನಮ್ಮ ಲಿಪಿಯಲ್ಲಿ ಬರೆದೊಡನೆ ಬೇರೊಂದು ಪದವೇ ಆಗಿಬಿಡುವ ಎರವಲು ಮಾತನ್ನು ಇಟ್ಟುಕೊಳ್ಳುವುದು ಹೇಗೆ?

ರೋಲ್‌ಗೆ ‘ಉರುಳು’ ಎಂದರೆ ಕೆಡುತ್ತದೆ. ಉರುಳುಸೇವೆಯಲ್ಲಿ ದೇಹವು ತಲೆಯಿಂದ ಕಾಲಿನವರೆಗಿನ ಅಕ್ಷದ ಸುತ್ತಲೇ ತಿರುಗುವುದರಿಂದ ಲೆಕ್ಕಕ್ಕೆ ಅದು ಸರಿಯಾದ ಪದವೇ. ಆದರೆ ವಾಹನದ ವಿಷಯದಲ್ಲಿ ‘ಉರುಳಿತು’ ಎಂದರೆ ಮಗುಚಿಬಿತ್ತು ಎಂದೇ ಅರ್ಥ. ‘ಹೊರಳು’ ಇನ್ನೂ ಜಾರುವ ಪದ. ಮೈಸೂರು ಕಡೆ ಮಗು ಮಗ್ಗುಲಿಗೆ ಹೊರಳಿದರೆ ಅದು ರೋಲ್. ಧಾರವಾಡದ ಕಡೆ ‘ಹೊಳ್ಳಿ ನೋಡು’ ಎಂದರೆ ಹಿಂದಕ್ಕೆ ತಿರುಗಿ ನೋಡುವುದು, ಅದು ಯಾ. ಒಂದೇ ಕ್ರಿಯಾಪದವು ಎರಡು ಸೀಮೆಗಳಲ್ಲಿ ಎರಡು ಬೇರೆ ಅಕ್ಷಗಳನ್ನು ಹಿಡಿದಿರುವಾಗ ಅದನ್ನು ಕೈಪಿಡಿಯಲ್ಲಿ ಬಳಸುವ ಧೈರ್ಯ ನನಗಿಲ್ಲ. ಕೊನೆಗೆ ‘ವಾಲು’ ಎಂಬುದಕ್ಕೆ ಬಂದು ನಿಂತಿದ್ದೇನೆ: ದೋಣಿ ವಾಲುತ್ತದೆ, ಜನ ತುಂಬಿದ ಬಸ್ಸು ವಾಲುತ್ತದೆ, ಆದರೂ ಬೀಳುವುದಿಲ್ಲ.

ಪಿಚ್‌ಗೆ ‘ಬಾಗು’ ಸಲ್ಲದು, ಏಕೆಂದರೆ ಬಾಗುವ ವಸ್ತುವಿನ ಆಕಾರವೇ ಬದಲಾಗುತ್ತದೆ. ಎತ್ತಿನ ಗಾಡಿಯವರ ‘ಮುಂಭಾರ’, ‘ಹಿಂಭಾರ’ ನನಗೆ ತುಂಬ ಇಷ್ಟವಾಗಿದ್ದವು, ಆದರೆ ಇಲ್ಲಿ ಭಾರ ಎಲ್ಲಿಗೂ ಸರಿಯುವುದಿಲ್ಲ. ಹಿಂದಿನ ಎರಡು ಮೋಟಾರುಗಳು ಹೆಚ್ಚು ವೇಗವಾಗಿ ತಿರುಗುವುದರಿಂದ ಮುಂಭಾಗ ತಗ್ಗುತ್ತದೆ. ಆದ್ದರಿಂದ ‘ಮೂತಿ ತಗ್ಗಿಸು’, ‘ಮೂತಿ ಎತ್ತು’ ಎಂದು ಬರೆದಿದ್ದೇನೆ.

ಯಾ ವಿಷಯದಲ್ಲಿ ‘ತಿರುಗು’ ಸಾಲದು. ‘ಎಡಕ್ಕೆ ತಿರುಗಿ’ ಎಂದು ದಾರಿ ಹೇಳಿದಾಗ ನಾವು ತಿರುಗಿ ಅಲ್ಲಿಯೇ ನಿಲ್ಲುವುದಿಲ್ಲ, ಮುಂದೆ ಹೋಗುತ್ತೇವೆ. ಕ್ವಾಡ್‌ಕಾಪ್ಟರ್‌ನಲ್ಲಿ ಎದುರುಬದುರು ಮೂಲೆಗಳ ಜೋಡಿಯೊಂದು ಗಡಿಯಾರದ ದಿಕ್ಕಿಗೂ ಇನ್ನೊಂದು ಜೋಡಿ ಅದರ ವಿರುದ್ಧಕ್ಕೂ ಸುತ್ತುತ್ತಿದ್ದು, ಒಂದು ಜೋಡಿಯ ವೇಗ ಹೆಚ್ಚಿ ಇನ್ನೊಂದರದು ತಗ್ಗಿದಾಗ ಯಂತ್ರವು ಇದ್ದ ಜಾಗದಲ್ಲಿಯೇ ಬೇರೆ ಕಡೆಗೆ ಮುಖ ಮಾಡುತ್ತದೆ. ‘ಮುಖ ತಿರುಗಿಸು’ ಎಂಬುದೇ ಇದಕ್ಕೆ ಹತ್ತಿರದ ಮಾತು. ಅದರಲ್ಲಿ ಮುನಿಸಿನ ಧ್ವನಿ ಇದೆಯೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದ್ದಾರೆ. ಮಕ್ಕಳಿಗೆ ಅದರಿಂದ ತೊಂದರೆಯಾದಂತೆ ಕಾಣಲಿಲ್ಲ.

ಹೆಚ್ಚು ತಲೆಕೆಡಿಸಿರುವುದು ‘ಎಡ’. ನಮ್ಮ ರಿಮೋಟು ಮೋಡ್ 2 ಬಗೆಯದು: ಎಡ ಸ್ಟಿಕ್ ಮೇಲೆ ಕೆಳಗೆ ಹೋದರೆ ಥ್ರಾಟಲ್, ಅಕ್ಕಪಕ್ಕ ಹೋದರೆ ಯಾ, ಬಲ ಸ್ಟಿಕ್‌ನಲ್ಲಿ ಪಿಚ್ ಮತ್ತು ರೋಲ್. ಕಳೆದ ಶನಿವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಹಾರಿಸುತ್ತಿದ್ದಾಗ ಯಂತ್ರದ ಮೂತಿ ನಮ್ಮ ಕಡೆಗೆ ತಿರುಗಿತ್ತು, ಬಲಕ್ಕೆ ಹೊಂಗೆಮರವಿತ್ತು. ನಾನು ‘ಎಡಕ್ಕೆ, ಎಡಕ್ಕೆ’ ಎಂದು ಕೂಗಿದೆ. ಅವಳು ಬಲ ಸ್ಟಿಕ್ಕನ್ನು ಎಡಕ್ಕೇ ಒತ್ತಿದಳು. ಯಂತ್ರ ತನ್ನ ಎಡಕ್ಕೆ, ಅಂದರೆ ನಮ್ಮ ಬಲಕ್ಕೆ ಹೋಗಿ ಹೊಂಗೆಯ ಕೊಂಬೆಗೆ ಬಡಿಯಿತು. ಮುರಿದ ರೆಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡು ‘ಸಾರ್, ನೀವು ಹೇಳಿದ್ದು ಯಾರ ಎಡ?’ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಮನೆಯಲ್ಲಿ ಗಾಡಿ ಇದ್ದ ಕಾಲದಲ್ಲಿ ಎತ್ತುಗಳನ್ನು ‘ಎಡಗೋಲಿನದು’, ‘ಬಲಗೋಲಿನದು’ ಎನ್ನುತ್ತಿದ್ದರು. ಗಾಡಿಯ ಎದುರಿಗೆ ನಿಂತು ನೋಡಿದರೂ ಎಡಗೋಲಿನ ಎತ್ತು ಎಡಗೋಲಿನದೇ. ನೋಡುವವನ ಕೈಗೆ ಅದು ಕಟ್ಟುಬಿದ್ದಿರಲಿಲ್ಲ. ಕೈಪಿಡಿಯಲ್ಲಿ ಯಂತ್ರದ ಪಕ್ಕಗಳಿಗೆ ‘ಎಡಗೋಲು’, ‘ಬಲಗೋಲು’ ಎಂದೂ, ಹಾರಿಸುವವರ ಕೈಗಳಿಗೆ ಮಾತ್ರ ‘ಎಡ’, ‘ಬಲ’ ಎಂದೂ ಬರೆಯುವ ಆಸೆ ನನಗಿದೆ. ಗಾಡಿಯನ್ನೇ ಕಾಣದ ಮಕ್ಕಳಿಗೆ ಇದು ಹೊರೆಯಾದೀತೆ?

ತಿಳಿದವರಲ್ಲಿ ಕೇಳಿಕೊಳ್ಳುವುದು ಇಷ್ಟು. ಈ ಜೋಡಿಪದ ನಿಮ್ಮ ಸೀಮೆಯಲ್ಲಿ ಇನ್ನೂ ಬಳಕೆಯಲ್ಲಿದೆಯೇ, ಅಥವಾ ಬೇರೆ ರೂಪದಲ್ಲಿದೆಯೇ? ಕರಾವಳಿಯಲ್ಲಿ ದೋಣಿ ನಡೆಸುವವರು, ತಾವು ಯಾವ ಕಡೆಗೆ ಮುಖ ಮಾಡಿ ಕುಳಿತಿದ್ದರೂ ಬದಲಾಗದಂತೆ ದೋಣಿಯ ಎರಡು ಬದಿಗಳನ್ನು ಕರೆಯುವ ಹೆಸರುಗಳಿದ್ದರೆ ಅವನ್ನೂ ದಯವಿಟ್ಟು ತಿಳಿಸಿರಿ. ಕಪ್ಪುಬಿಳಿ ಮಿಂಚುಳ್ಳಿ ಕೆರೆಯ ಮೇಲೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ಒಂದೇ ಕಡೆ ನಿಲ್ಲುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಒಂದೇ ಪದವಿದ್ದರೆ ಅದೂ ಬೇಕಾಗಿದೆ. ‘ತೇಲು’ ಎಂದರೆ ಮಕ್ಕಳು ಥ್ರಾಟಲ್ ಬಿಟ್ಟುಬಿಡುತ್ತಾರೆ.