ಡೀವಿಯನ್ಸ್‌ಗೆ ‘ದಾರಿ ತಪ್ಪುವುದು’ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಪರಾಧದ ಸಮಾಜಶಾಸ್ತ್ರದ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪಾಠ ಬರೆಯಲು ಹೊರಟು ಎರಡನೇ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕಾರಣ ಒಂದೇ ಪದ, ಡೀವಿಯನ್ಸ್. ಸುತ್ತಲಿನವರ ರೂಢಿ, ಕಟ್ಟುಪಾಡು ಏನಿದೆಯೋ ಅದರಂತೆ ನಡೆಯದಿರುವುದು ಅಂತ ಅರ್ಥ. ಅದು ಅಪರಾಧವೇ ಆಗಬೇಕೆಂದಿಲ್ಲ. ಸಾವಿನ ಮನೆಯಲ್ಲಿ ಗಹಗಹಿಸಿ ನಕ್ಕರೆ ಯಾವ ಠಾಣೆಯಲ್ಲೂ ಗುನ್ನೆ ನಂಬರ್ ಬೀಳುವುದಿಲ್ಲ. ಆದರೆ ನಕ್ಕವನನ್ನು ಊರು ಮರೆಯುವುದೂ ಇಲ್ಲ.

‘ವಿಚಲನೆ’ ಅನ್ನಬಹುದು. ಆದರೆ ಅದನ್ನು ಓದಿದ ಕೂಡಲೇ ನನಗೆ ಗಣಿತದ ಮಾನಕ ವಿಚಲನೆ ನೆನಪಾಗುತ್ತದೆ. ಇನ್ನು ‘ವಿಚಲಿತ’ ಅಂದರೆ ಮನಸ್ಸು ಕಲಕಿದೆ ಅಂತಲೇ ಜಾಸ್ತಿ ಜನ ತಿಳಿಯುವುದು. ‘ವಿಪಥಗಮನ’ ಸರಿಯಾದ ಪದವೇ ಇರಬಹುದು, ಆದರೆ ಬಾಯಲ್ಲಿ ಆಡುವವರು ಯಾರು?

ತಮಾಷೆ ಏನೆಂದರೆ, ಡೀವಿಯನ್ಸ್‌ನ ಲ್ಯಾಟಿನ್ ಮೂಲದಲ್ಲಿ ಇರುವುದೂ ದಾರಿಯೇ. ‘ವಿಯಾ’ ಅಂದರೆ ದಾರಿ, ಅದರಿಂದ ಆಚೆ ಸರಿಯುವುದು. ನಮ್ಮ ‘ದಾರಿ ತಪ್ಪುವುದು’ ಅದಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ ಅಲ್ವಾ? ನಾನೂ ಹಾಗೇ ಖುಷಿಪಟ್ಟಿದ್ದೆ. ಆಮೇಲೆ ಈ ಮಾತು ಬಳಕೆಯಲ್ಲಿ ಹೇಗಿದೆ ಅಂತ ಯೋಚಿಸಿದೆ. ‘ಅವನು ದಾರಿ ತಪ್ಪಿದ’ ಅಂದರೆ ಕುಡಿತ, ಜೂಜು, ಪುಂಡಾಟ ಏನಾದರೂ ಇರಬಹುದು. ‘ಅವಳು ದಾರಿ ತಪ್ಪಿದಳು’ ಅಂದರೆ ಕೇಳುವವರು ತಿಳಿಯುವುದು ಒಂದನ್ನೇ. ‘ಹಾದಿ ಬಿಟ್ಟವಳು’ ಅಂತೂ ನೇರ ಬೈಗುಳ. ಗಂಡಿಗೊಂದು ಅರ್ಥ, ಹೆಣ್ಣಿಗೊಂದು ಅರ್ಥ ಕೊಡುವ ಮಾತನ್ನು ಪಾಠದ ತಲೆಬರಹ ಮಾಡುವುದು ಹೇಗೆ? ಸಾಲದ್ದಕ್ಕೆ ಒಳಗೇ ‘ತಪ್ಪು’ ಕೂತಿದೆ. ವಿಚಾರಣೆಗೆ ಮೊದಲೇ ತೀರ್ಪು ಬಂದ ಹಾಗಾಗುತ್ತದೆ.

ಬೇರೆ ಪದಗಳು ಇಷ್ಟು ಕಾಡಲಿಲ್ಲ. ಸದರ್‌ಲ್ಯಾಂಡ್ ಎಂಬ ಅಮೆರಿಕದ ವಿದ್ವಾಂಸ, ಅಪರಾಧವನ್ನು ಜನ ಹತ್ತಿರದವರ ಒಡನಾಟದಲ್ಲಿ ಕಲಿಯುತ್ತಾರೆ, ಅದರ ಕೈಚಳಕವನ್ನೂ ಅದಕ್ಕೆ ಕೊಡುವ ಸಮರ್ಥನೆಯನ್ನೂ ಕಲಿಯುತ್ತಾರೆ ಅಂದ. ನಮ್ಮಲ್ಲಿ ‘ಸಹವಾಸ ದೋಷ’ ಅಂದರೆ ಮುಗಿಯಿತು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಕೈಮ್‌ನ ಅನೋಮಿಗೆ, ಅಂದರೆ ಜನರನ್ನು ಹಿಡಿದಿಡುವ ಕಟ್ಟುಪಾಡು ಸಡಿಲವಾದ ಸ್ಥಿತಿಗೆ, ‘ಅಂಕೆಗೇಡು’ ಅಂತ ಹಾಕಿದ್ದೇನೆ. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟಿತು ಅನ್ನುತ್ತೇವಲ್ಲ, ಆ ಅಂಕೆ. ಆತ್ಮಹತ್ಯೆಯ ಬಗ್ಗೆ 1897ರಲ್ಲಿ ಬರೆದಾಗ ಅವನು ತೋರಿಸಿದ್ದೂ ಇದನ್ನೇ. ವ್ಯಾಪಾರ ಮುಳುಗಿದಾಗ ಮಾತ್ರವಲ್ಲ, ಇದ್ದಕ್ಕಿದ್ದಂತೆ ಸಿರಿ ಬಂದಾಗಲೂ ಆಸೆಗಳ ಅಂಕೆ ಕಳಚುತ್ತದೆ. ಆದರೆ 1938ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್ ಅದೇ ಪದಕ್ಕೆ ಬೇರೆ ತಿರುವು ಕೊಟ್ಟ. ದುಡ್ಡು ಮಾಡು ಅಂತ ಎಲ್ಲರಿಗೂ ಹೇಳಿ, ಮಾಡುವ ನೇರ ದಾರಿಯನ್ನು ಕೆಲವರಿಗಷ್ಟೇ ಬಿಟ್ಟರೆ ಏನಾಗುತ್ತದೆ ಅನ್ನುವುದು ಅವನ ಪ್ರಶ್ನೆ. ಅಲ್ಲಿ ‘ಅಂಕೆಗೇಡು’ ಸ್ವಲ್ಪ ಬಿಗಿಯಾಗುತ್ತದೆ, ಇರಲಿ.

ಡೀವಿಯನ್ಸ್‌ಗೆ ಸದ್ಯ ನನ್ನ ಒಲವು ‘ಮೀರು’ ಕಡೆಗಿದೆ. ‘ರೂಢಿ ಮೀರಿದ ನಡೆ’, ಚಿಕ್ಕದಾಗಿ ‘ಮೀರಿಕೆ’. ಗೆರೆ ದಾಟಿದ್ದು ಒಳ್ಳೆಯದೋ ಕೆಟ್ಟದೋ ಅಂತ ಈ ಪದ ಹೇಳುವುದಿಲ್ಲ. ಅದು ಬೇಕು ಕೂಡ. ಇಂದಿನ ಅಪರಾಧ ನಾಳಿನ ನೀತಿಗೆ ಮುನ್ಸೂಚನೆ ಆಗಿರಬಹುದು ಅಂತ 1895ರಲ್ಲಿ ಡರ್ಕೈಮ್ ಬರೆದ, ಸಾಕ್ರಟೀಸನ ಉದಾಹರಣೆ ಕೊಟ್ಟ. ನಾವು ಅಥೆನ್ಸ್‌ವರೆಗೆ ಹೋಗಬೇಕಿಲ್ಲ, ಕಲ್ಯಾಣ ಸಾಕು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ಮಗಳನ್ನು ಕೊಟ್ಟ, ಅದಕ್ಕೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತು ಅಂತ ಶರಣರ ಕಥೆಗಳು ಹೇಳುತ್ತವೆ. ಹರಳಯ್ಯ ‘ದಾರಿ ತಪ್ಪಿದವನು’ ಅಂತ ಬರೆಯಲು ಇವತ್ತು ಯಾರಿಗೆ ಕೈ ಬರುತ್ತದೆ? ‘ರೂಢಿ ಮೀರಿದವನು’ ಅನ್ನಿ, ಸರಿಯಾಗಿ ಕೂರುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಪುಟದಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್ ಕಾದಿದ್ದ. ಡೀವಿಯನ್ಸ್ ಇರುವುದು ಕೆಲಸದಲ್ಲಲ್ಲ, ಉಳಿದವರು ನಿಯಮ ಮಾಡಿ ಅದನ್ನು ಒಬ್ಬನ ಮೇಲೆ ಹೇರುವುದರಲ್ಲಿ ಅಂತ ಅವನು 1963ರಲ್ಲಿ ವಾದಿಸಿದ. ಲೇಬಲಿಂಗ್‌ಗೆ ‘ಹಣೆಪಟ್ಟಿ ಕಟ್ಟುವುದು’ ಅಂತ ಸಲೀಸಾಗಿ ಸಿಕ್ಕಿತು. ರೌಡಿ ಶೀಟ್ ತೆರೆಯುವುದು ಅಂದರೆ ನಮ್ಮ ಬೀದಿಗೂ ಗೊತ್ತು. ಆದರೆ ‘ಮೀರಿಕೆ’ ಇಲ್ಲಿ ಎಡವುತ್ತದೆ.

1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ನೋಡಿ. ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡಿದರು. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಹುಬ್ಬಳ್ಳಿಯಲ್ಲೂ ಅಂಥವರನ್ನು ಕೂಡಿಹಾಕುವ ಸೆಟ್ಲ್‌ಮೆಂಟ್ ಮಾಡಿದ್ದರು. ಹಾಜರಿ ಕೊಡಬೇಕು, ಕೇಳದೆ ಹೊರಗೆ ಹೋಗುವಂತಿಲ್ಲ. 1952ರಲ್ಲಿ ಕಾಯ್ದೆ ಹೋಯಿತು, ಜನ ‘ವಿಮುಕ್ತ’ರಾದರು. ಆ ಬಡಾವಣೆಯ ಹೆಸರು ಮಾತ್ರ ಈಗಲೂ ಸೆಟ್ಲ್‌ಮೆಂಟೇ. ಅಲ್ಲಿ ಹುಟ್ಟಿದ ಕೂಸು ಯಾವ ಗೆರೆ ಮೀರಿತ್ತು? ಅದಕ್ಕೆ ಹಣೆಪಟ್ಟಿಯೇ ಹಣೆಬರಹವಾಗಿತ್ತು ಅಷ್ಟೆ.

ಹಾಗಾಗಿ ನನ್ನ ಪ್ರಶ್ನೆ ಇದು. ತಾನಾಗಿ ಗೆರೆ ದಾಟಿದವನಿಗೂ, ಗೆರೆಯಾಚೆ ನಿಲ್ಲಿಸಲ್ಪಟ್ಟವನಿಗೂ ಒಂದೇ ಪದ ಹೊಂದುತ್ತದೆಯೇ? ‘ಹೊರಗು’ ಎಂಬುದರಿಂದ ಏನಾದರೂ ಕಟ್ಟಬಹುದೇ ಅಂತ ಸುಮ್ನೆ ಯೋಚಿಸುತ್ತಿದ್ದೆ, ಆದರೆ ‘ಹೊರಗಾದಳು’ ಅಂದರೆ ಮುಟ್ಟಿನ ಅರ್ಥ ಬಂದು ಮತ್ತೆ ಅದೇ ತೊಡಕು. ನಿಮ್ಮ ಊರ ಕಡೆ, ಬೈಗುಳವಾಗದೆ ಉಳಿದಿರುವ ಮಾತು ಯಾವುದಾದರೂ ಇದ್ದರೆ ದಯವಿಟ್ಟು ಬರೆಯಿರಿ. ಅದನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆ ಅನ್ನುವುದನ್ನೂ ಒಂದು ಸಾಲು ಸೇರಿಸಿ.