ಪದ ಬೇಕಿತ್ತು, ಅರ್ಜೆಂಟು: ಒಸಾಕಾದ ‘ಕುಯಿದವೊರೆ’

ಎಲ್ರಿಗೂ ನಮಸ್ಕಾರ. ಒಂದು ಟೂರ್ ಕಂಪನಿಯೋರ ಕೈಪಿಡಿ ಕನ್ನಡಕ್ಕೆ ಮಾಡ್ತಿದೀನಿ, ಇವತ್ತು ರಾತ್ರಿ ಪ್ರಿಂಟಿಗೆ ಹೋಗ್ಬೇಕು. ಜಪಾನಿನ ಒಸಾಕಾ ಊರಲ್ಲಿ ಒಂದು ದಿನ: ಬೆಳಿಗ್ಗೆ ಕೋಟೆ, ಮಧ್ಯಾಹ್ನ ಕುರೊಮೊನ್ ಮಾರ್ಕೆಟ್ಟು, ಸಂಜೆ ತ್ಸೂತೆನ್‌ಕಾಕು ಗೋಪುರ, ರಾತ್ರಿ ದೋತೊನ್‌ಬೊರಿ ಕಾಲುವೆ ಪಕ್ಕ ತಿಂತಾ ಓಡಾಡೋದು. ಈ ಕೊನೇದಕ್ಕೆ ಹೆಡ್ಡಿಂಗು ‘ಕುಯಿದವೊರೆ’. ಕ್ಯೋತೊದೋರು ಬಟ್ಟೆಗೆ ಸುರಿದು ಹಾಳಾಗ್ತಾರೆ, ಒಸಾಕಾದೋರು ತಿಂದು ಹಾಳಾಗ್ತಾರೆ ಅಂತ ಅಲ್ಲಿ ಗಾದೆ. ‘ಕುಯಿ’ ತಿನ್ನೋದು, ‘ತವೊರೆ’ ಬೀಳೋದು, ಆದ್ರೆ ವ್ಯಾಪಾರ ದಿವಾಳಿ ಎದ್ರೂ ಅದೇ ಕ್ರಿಯಾಪದ. ‘ತಿಂದು ದಿವಾಳಿ’ ಅಂತ ಬರೆದಿಟ್ಟಿದೀನಿ, ಬೀಳೋದು ಬಿಟ್ಟೋಗಿದೆ.

ಮರು:
ಉಣ್‌ಕೇಡು. ಬೇರೂ ನಮ್ಮದೇ, ಜೋಡುಪದವೂ ನಮ್ಮದೇ. ದಿವಾಳಿ ಬಡಗಣದಿಂದ ಬಂದದ್ದು, ತೆಗೀರಿ.

ಮರು:
ಉಣ್ಣೂದು ಬ್ಯಾರೆ, ತಿನ್ನೂದು ಬ್ಯಾರೆ ರೀ. ರೊಟ್ಟಿ ಉಣ್ಣೂದು, ಮಿರ್ಚಿ ಭಜಿ ತಿನ್ನೂದು. ಒಸಾಕಾದಾಗ ತಾಕೊಯಾಕಿ ಮಾಡೂದು ನೋಡೇನಿ, ನಮ್ಮ ಪಡ್ಡಿನ ಹಂಚಿನಂಗ ಗುಳಿ ಗುಳಿ ಇರ್ತದ, ಹಿಟ್ಟು ಹೊಯ್ದು ಒಂದೊಂದು ಆಕ್ಟೋಪಸ್ ತುಂಡು ಹಾಕಿ ಚೂಪನ್ನ ಕಡ್ಡೀಲೆ ತಿರುವಿ ತಿರುವಿ ಉಂಡಿ ಮಾಡ್ತಾರ, ಮ್ಯಾಲೆ ಉದುರಿಸಿದ ಒಣಮೀನಿನ ತೆಳ್ಳನ್ನ ಚೂರು ಬಿಸಿಗೆ ಜೀವ ಇದ್ದಂಗ ಅಲುಗಾಡ್ತಾವ. ಅದನ್ನ ನಿಂತ ನಿಂತಲ್ಲೇ ನಾಲಿಗಿ ಸುಟ್ಕೊಂಡು ತಿನ್ನೂದು. ಇದಕ್ಕ ‘ಉಣ್’ ಅಂದ್ರ ಯಾರ್ ಒಪ್ತಾರ?

ಮರು:
ಮೂಲಾನೇ ತಪ್ಪು ಹಿಡ್ಕೊಂಡಿದೀರಿ ಎಲ್ರೂ. ಜಪಾನಿಯಲ್ಲಿ ‘ಕುಯಿ’ ಅಂದ್ರೆ ನೆಲಕ್ಕೆ ಹೊಡೆಯೋ ಗೂಟ ಕೂಡ. ಒಸಾಕಾ ತುಂಬ ಕಾಲುವೆ, ಸೇತುವೆ. ಎದೊ ಕಾಲದಲ್ಲಿ (1603ರಿಂದ 1868) ಸರ್ಕಾರದ ಖರ್ಚಿನ ಸೇತುವೆ ಬರೀ 12, ಮಿಕ್ಕಿದ್ದು ವರ್ತಕರ ಜೇಬಿಂದ. ಗೂಟಕ್ಕೆ ದುಡ್ಡು ಸುರಿದು ಮುಳುಗಿದೋರು ಅವ್ರು. ದೋತೊನ್‌ಬೊರಿ ಕಾಲುವೇನೂ ಅಷ್ಟೇ, ದೋತೊನ್ ಅನ್ನೋನು 1612ರಲ್ಲಿ ತೋಡಿಸೋಕೆ ಶುರು ಮಾಡ್ದ, 1615ರಲ್ಲಿ ಅದು ಮುಗಿಯೋ ಹೊತ್ತಿಗೆ ಅವನೇ ಯುದ್ಧದಲ್ಲಿ ಸತ್ತಿದ್ದ.

ಮರು:
ಗೂಟ ಕಟ್ಟುಕತೆ. ಗಾದೆಯ ಒಂದು ಕಡೆ ಬಟ್ಟೆ ಇದ್ರೆ ಇನ್ನೊಂದು ಕಡೆ ಊಟವೇ ಇರೋದು, ಸೇತುವೆ ಎಲ್ಲಿಂದ ಬಂತು? ‘ಕುಯ್ದ’ ಅಂತ ಕನ್ನಡದಲ್ಲೂ ಕೇಳ್ಸತ್ತೆ, ಹಾಗಂತ ಕೊಯ್ಲಿಗೆ ಹೊರಡ್ತೀರಾ? ಅದು ‘ಕುಉ’, ಒರಟಾಗಿ ತಿನ್ನು ಅನ್ನೋದಕ್ಕೆ. ಮರ್ಯಾದೆಗೆ ‘ತಬೆರು’ ಅಂತಾರೆ. ನಮ್ಮ ಕಡೆ ಅದು ಮುಕ್ಕು. ಇನ್ನು ಬೀಳೋದೂ ವ್ಯಾಪಾರ ಹಾಳಾಗೋದೂ ಎರಡೂ ಸೇರಿ ನೆಲಕಚ್ಚು ಅನ್ನೋ ಪದ ಇರೋವಾಗ ಇಷ್ಟೆಲ್ಲ ಯಾಕೆ. ನನ್ನ ಕೇಳಿದ್ರೆ ‘ತಿಂದು ಎಕ್ಕುಟ್ಟೋಗು’ ಇನ್ನೂ ಚೆಂದ, ಆದ್ರೆ ಪ್ರಿಂಟ್ ಮಾಡೋ ಧೈರ್ಯ ಯಾರಿಗಿದೆ. ‘ತಿಂದು ನೆಲಕಚ್ಚೋ ಊರು’ ಅನ್ನಿ.

ಮರು:
ಅನುವಾದಾನೇ ಯಾಕೆ? ಕುಯಿದವೊರೆ ಅಂತ್ಲೇ ಬಿಡಿ. ಪಗಾರ, ಚಾವಿ, ಬಟಾಟೆ ಪೋರ್ಚುಗೀಸರಿಂದ ತಗೊಂಡು ನಾವೇನು ಸತ್ತೋದ್ವಾ? ಜಪಾನಿನೋರು ಬ್ರೆಡ್ಡಿಗೆ ‘ಪಾನ್’ ಅನ್ನೋದೂ ಅದೇ ಪೋರ್ಚುಗೀಸರ ಪದ.

ಮರು:
ಬಟಾಟೆ ನಿಮ್ಮನೇಲಿ. ನಮಗೆ ಆಲೂಗಡ್ಡೆ.

ಮರು:
ಆಲೂ ಯಾವೂರದು ಸ್ವಾಮಿ?

ಮರು:
ಗಡ್ಡೆ ನಮ್ಮದು.

ಮರು:
ಪದ ಕೇಳಿದೋನು ನಾನು, ಸ್ವಲ್ಪ ಜಾಗ ಕೊಡಿ. ‘ತಿಂದು ನೆಲಕಚ್ಚೋ ಊರು’ ಕಳಿಸ್ದೆ. ಕಂಪನಿಯೋರು ತಕ್ಷಣ ಫೋನು, “ಸಾರ್, ಗುಂಪಲ್ಲಿ ಎಲ್ಲ ಅರವತ್ತು ದಾಟಿದೋರು, ನೆಲಕಚ್ಚೋದು ಅಂದ್ರೆ ಫುಡ್ ಪಾಯ್ಸನ್ ಅನ್ಕೊಳಲ್ವಾ?” ಕಡೆಗೆ ‘ಜೇಬು ನೆಲಕಚ್ಚೋವರ್ಗೂ ತಿನ್ನಿ’ ಅಂತ ಮಾಡ್ದೆ, ಒಪ್ಪಿದ್ರು. ಉಣ್‌ಕೇಡಿನೋರು ಕ್ಷಮಿಸ್ಬೇಕು.

ಇನ್ನೊಂದು ಉಳಿದಿದೆ. ಒಸಾಕಾದ ಶಿನ್‌ಸೆಕಾಯಿ ಅನ್ನೋ ಬಡಾವಣೇಲಿ ಕುಶಿಕಾತ್ಸು ಅಂತ ಕಡ್ಡಿಗೆ ಚುಚ್ಚಿ ಎಣ್ಣೇಲಿ ಕರಿದು ಕೊಡ್ತಾರೆ, ಕೆಲವು ಅಂಗಡೀಲಿ ಎಲ್ರಿಗೂ ಸೇರಿ ಒಂದೇ ಸಾಸಿನ ಡಬ್ಬ, ಒಂದ್ಸಲ ಅದ್ದಿ ಕಚ್ಚಿದ್ಮೇಲೆ ಮತ್ತೆ ಅದ್ದೋ ಹಾಗಿಲ್ಲ ಅಂತ ಬೋರ್ಡು ಹಾಕಿರ್ತಾರೆ. ನಾನು ಬರೆದಿದ್ದು ಎರಡು ಸಾಲಾಯ್ತು, ಜಾಗ ಇರೋದು ಎರಡು ಪದಕ್ಕೆ.

ಮರು:
ಎಂಜಲು. ಒಂದೇ ಸಾಕು.