3060ಗಿಂತ 4060 ನಿಧಾನ! ಇದೇನು ಕರ್ಮ?

ಅರೆಬೆಂದ_ಪಿಕ್ಸೆಲ್
ಎರಡು ದಿನದಿಂದ ತಲೆ ಕೆಟ್ಟು ಕೂತಿದೀನಿ. ನನ್ನ ಹತ್ರ ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡು ಇದೆ. ಎಲ್ಲರೂ ಹೊಗಳ್ತಾರೆ ಅಂತ 4060 ತಂದೆ. ಸೈಬರ್‌ಪಂಕ್ 2077 ಗೇಮ್ ಒಳಗೇ ಇರೋ ಬೆಂಚ್‌ಮಾರ್ಕ್ (ಸ್ಪೀಡ್ ಟೆಸ್ಟ್), ಅದೇ ಸೆಟ್ಟಿಂಗ್ಸ್: 3060ಗೆ ಸರಾಸರಿ 64 ಎಫ್‌ಪಿಎಸ್ (ಸೆಕೆಂಡಿಗೆ ಫ್ರೇಮ್), 4060ಗೆ 43. ಮೂರು ಸಲ ಓಡಿಸಿದೆ, ಮೂರು ಸಲಾನೂ ಅಷ್ಟೇ. ಕ್ಯಾಮೆರಾ ತಿರುಗಿದಾಗೆಲ್ಲ ಜರ್ಕ್ ಹೊಡೆಯುತ್ತೆ. ಡಿಡಿಯು ಅನ್ನೋ ಟೂಲ್ ಹಾಕಿ ಡ್ರೈವರ್ ಪೂರ್ತಿ ಒರೆಸಿ ಮತ್ತೆ ಹಾಕಿದ್ದೂ ಆಯ್ತು. ಕಾರ್ಡೇ ಹಾಳಾ? ವಾಪಸ್ ಕೊಡ್ಲಾ?

ತಂತಿಗೊಂಚಲು
ಪವರ್ ಸಪ್ಲೈ ಎಷ್ಟು ವ್ಯಾಟ್?

ಶೇಡರ್_ಸೂರಿ
ಸಿಪಿಯು? ಮದರ್‌ಬೋರ್ಡು? ರೆಸಲ್ಯೂಷನ್? ಒಂದೂ ಹೇಳ್ದೆ "ಅದೇ ಸೆಟ್ಟಿಂಗ್ಸ್" ಅಂದ್ರೆ ನಾವೇನು ಕವಡೆ ಹಾಕಿ ನೋಡೋದಾ?

ಅರೆಬೆಂದ_ಪಿಕ್ಸೆಲ್
ರೈಜೆನ್ 5 3600, 16 ಜಿಬಿ ರ್ಯಾಮ್, 500 ವ್ಯಾಟ್, 1080ಪಿ ಹೈ, ಡಿಎಲ್‌ಎಸ್‌ಎಸ್ (ಎಐ ಬಳಸಿ ಫ್ರೇಮ್ ಹೆಚ್ಚಿಸೋದು) ಆಫ್. ಇದೇ ಸಿಪಿಯು ಮೇಲೆ 3060 ಆರಾಮಾಗಿ 64 ಕೊಡ್ತಿದೆ, ಹಾಗಾಗಿ ಬಾಟಲ್‌ನೆಕ್, ಅಂದ್ರೆ ಸಿಪಿಯುನೇ ಹಿಂದೆ ಎಳೀತಿದೆ ಅಂತ ಮಾತ್ರ ಹೇಳ್ಬೇಡಿ. ಇನ್ನೊಂದು, 4060 ಆಟದಲ್ಲಿ 70 ವ್ಯಾಟ್ ದಾಟ್ತಾನೇ ಇಲ್ಲ. ಟೆಂಪರೇಚರ್ 52.

ತಂತಿಗೊಂಚಲು
ಸಿಕ್ತಲ್ಲ! 115 ವ್ಯಾಟ್‌ನ ಕಾರ್ಡು 70ರಲ್ಲಿ ನಿಂತಿದೆ ಅಂದ್ರೆ ಕರೆಂಟ್ ಸರಿಯಾಗಿ ಹೋಗ್ತಿಲ್ಲ. ಸಪ್ಲೈ ಬದಲಾಯಿಸಿ, ಕೇಸ್ ಕ್ಲೋಸ್.

ಶೇಡರ್_ಸೂರಿ
ಗುರು, 3060 ಕುಡಿಯೋದು 170 ವ್ಯಾಟ್. ಅದನ್ನ ಸಾಕಿದ ಸಪ್ಲೈ 115ಕ್ಕೆ ಸುಸ್ತಾಗುತ್ತಾ? ಕರೆಂಟ್ ಸಾಲದಿದ್ರೆ ಪಿಸಿ ಪಟ್ ಅಂತ ಆಫ್ ಆಗುತ್ತೆ, ಹೀಗೆ ಮೆಲ್ಲಗೆ ನಡೆಯಲ್ಲ. ಕಾರ್ಡು ಕಮ್ಮಿ ಎಳೀತಿದೆ ಅಂದ್ರೆ ಅದಕ್ಕೆ ಮಾಡೋಕೆ ಕೆಲಸ ಇಲ್ಲ, ಯಾವುದಕ್ಕೋ ಕಾಯ್ತಾ ಕೂತಿದೆ.

ತಂತಿಗೊಂಚಲು
ಕೇಬಲ್ ಸಡಿಲ ಇದ್ರೆ? ಹೊಸ ಕೇಬಲ್ ಹಾಕಿ ನೋಡಿದ್ರಾ?

192_ಬಿಟ್_ಭಕ್ತ
ಇದರಲ್ಲಿ ಪತ್ತೇದಾರಿಕೆ ಏನಿದೆ? 3060ರಲ್ಲಿ 192 ಬಿಟ್ ಬಸ್ಸು (ಕಾರ್ಡಿನ ಮೆಮೊರಿಗೆ ಹೋಗೋ ದಾರಿ), ಸೆಕೆಂಡಿಗೆ 360 ಜಿಬಿ. 4060ರಲ್ಲಿ 128 ಬಿಟ್, 272 ಜಿಬಿ. ಅದರ ಮೇಲೆ ಮೆಮೊರೀನೂ 12ರಿಂದ 8ಕ್ಕೆ. 2023ರಲ್ಲಿ ಬಂದಾಗ್ಲೇ ಬಡ್ಕೊಂಡೆ, ಯಾರೂ ಕೇಳ್ಲಿಲ್ಲ.

ಶೇಡರ್_ಸೂರಿ
ಬಸ್ಸು ಸಣ್ಣದು ಮಾಡಿ ಎಲ್2 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) 3 ಎಂಬಿಯಿಂದ 24 ಎಂಬಿಗೆ ಏರಿಸಿದಾರೆ, ಅದನ್ನ ನುಂಗ್ಬಿಟ್ರಿ. 1080ಪಿಯಲ್ಲಿ 4060 ಸಾಮಾನ್ಯವಾಗಿ 15-20 ಪರ್ಸೆಂಟ್ ಮುಂದೇನೇ ಇರುತ್ತೆ. ಮೂರನೇ ಒಂದು ಭಾಗ ಹಿಂದೆ ಬೀಳೋಕೆ ಬಸ್ಸು ಕಾರಣ ಅಲ್ಲ.

ಫ್ರೇಮ್_ಹಸಿವು
ಫ್ರೇಮ್ ಜನರೇಷನ್ (ಮಧ್ಯೆ ಮಧ್ಯೆ ಫ್ರೇಮ್ ಎಐಯಿಂದ ಹುಟ್ಟಿಸೋದು) ಆನ್ ಮಾಡ್ಕೊಳ್ಳಿ ಸರ್, ಡಿಎಲ್‌ಎಸ್‌ಎಸ್ 3 ಅದಕ್ಕೇ ಇರೋದು. 3060ಗೆ ಆ ಭಾಗ್ಯ ಇಲ್ಲ. ಗಾಡಿ ಓಡುತ್ತೆ.

192_ಬಿಟ್_ಭಕ್ತ
ನಕಲಿ ಫ್ರೇಮ್ ಎಣಿಸ್ಕೊಂಡು ಖುಷಿಪಡೋರು ಬಂದ್ರು. ಮೌಸ್ ಇವತ್ತು ಅಲ್ಲಾಡಿಸಿದ್ರೆ ಸ್ಕ್ರೀನ್ ನಾಳೆ ತಿರುಗುತ್ತೆ.

ಫ್ರೇಮ್_ಹಸಿವು
ಬಳಸಿ ನೋಡಿದೀರಾ, ಇಲ್ಲ ಕೇಳಿ ಹೇಳ್ತಿರೋದಾ?

ನವಫ್ಯಾನ್
ನಾನು ಈ ತಲೆನೋವೇ ಬೇಡ ಅಂತ ಸೀದಾ 4090 ಹಾಕ್ಬಿಟ್ಟೆ. ಒಂಬತ್ತು ಫ್ಯಾನ್, 4ಕೆ ಮಾನಿಟರ್, ಕೇಬಲ್ ಎಲ್ಲ ಬಿಳಿ. ರಾತ್ರಿ ಲೈಟ್ ಆರಿಸಿದ್ರೆ ರೂಮು ತೇರಿನ ಥರ ಕಾಣುತ್ತೆ. ಫೋಟೋ ಹಾಕ್ಲಾ?

ಅರೆಬೆಂದ_ಪಿಕ್ಸೆಲ್
ನನ್ನ ಸಮಸ್ಯೆ ಕಡೆ ಯಾರಾದ್ರೂ ನೋಡ್ತೀರಾ ದಯವಿಟ್ಟು?

ಹಳೇ_ಕೀಬೋರ್ಡ್
ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸೋ ಸಾಫ್ಟ್‌ವೇರ್) ತೆಗೆದು ಬಸ್ ಇಂಟರ್‌ಫೇಸ್ ಅನ್ನೋ ಕಡೆ ಕೊನೇಲಿ ಏನು ಬರೆದಿದೆ ಹೇಳಿ.

ಅರೆಬೆಂದ_ಪಿಕ್ಸೆಲ್
ಎಕ್ಸ್4 1.1

ತಂತಿಗೊಂಚಲು
1.1!! ನೋಡಿ, ಕರೆಂಟ್ ಸಾಲದೆ ಹಾಗೆ ಇಳಿದಿದೆ.

ಹಳೇ_ಕೀಬೋರ್ಡ್
ಅಲ್ಲ. ಕೆಲಸ ಇಲ್ಲದಾಗ ಕಾರ್ಡು ಲಿಂಕ್ ಸ್ಪೀಡ್ ಇಳಿಸ್ಕೊಳ್ಳುತ್ತೆ, 1.1 ಅಂತ (ಅದು ಲಿಂಕ್‌ನ ತಲೆಮಾರು) ತೋರಿಸೋದು ಮಾಮೂಲಿ. ಪಕ್ಕದಲ್ಲಿರೋ ಪ್ರಶ್ನೆ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಶುರು ಮಾಡಿ, ಆಗ ನೋಡಿ. ನನಗೆ ಕಣ್ಣಿಗೆ ಬಿದ್ದಿದ್ದು ಆ 4, ಅಂದ್ರೆ ಡೇಟಾ ಓಡೋ ಲೇನ್‌ಗಳ ಲೆಕ್ಕ. ಅಲ್ಲಿ 8 ಇರ್ಬೇಕಿತ್ತು.

ಅರೆಬೆಂದ_ಪಿಕ್ಸೆಲ್
ಈಗ ಎಕ್ಸ್4 2.0. ಅದಕ್ಕಿಂತ ಮೇಲೆ ಹೋಗ್ತಿಲ್ಲ.

ಹಳೇ_ಕೀಬೋರ್ಡ್
ಮದರ್‌ಬೋರ್ಡು ಬಿ450 ತಾನೇ? ಕಾರ್ಡು ಯಾವ ಸ್ಲಾಟ್‌ನಲ್ಲಿದೆ?

ಅರೆಬೆಂದ_ಪಿಕ್ಸೆಲ್
ಹೌದು, ಬಿ450. ಕೆಳಗಿನ ಸ್ಲಾಟ್. ಮೇಲಿಂದ್ರಲ್ಲಿ 3060 ಇದೆಯಲ್ಲ.

ಶೇಡರ್_ಸೂರಿ
ಏನು "ಇದೆಯಲ್ಲ"? ಎರಡೂ ಒಟ್ಟಿಗೆ ಹಾಕಿದೀರಾ??

ಅರೆಬೆಂದ_ಪಿಕ್ಸೆಲ್
ಹೋಲಿಸೋಕೆ ಮತ್ತೆ ಇನ್ನೇನು ಮಾಡೋದು? ಪ್ರತಿ ಸಲ ಬಿಚ್ಚಿ ಹಾಕೋ ಬದ್ಲು ಎರಡನ್ನೂ ಕೂರಿಸಿ ಎಚ್‌ಡಿಎಂಐ ಕೇಬಲ್ ಮಾತ್ರ ಬದಲಾಯಿಸ್ತಾ ಇದ್ದೆ. ಗೇಮ್ ಯಾವ ಕಾರ್ಡಲ್ಲಿ ಓಡ್ಬೇಕು ಅಂತ ವಿಂಡೋಸ್ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆರಿಸಿದೀನಿ. ಎರಡೂ ಉದ್ದ ಸ್ಲಾಟೇ, ನೋಡೋಕೆ ಒಂದೇ ಥರ ಇದಾವೆ.

ಹಳೇ_ಕೀಬೋರ್ಡ್
ನೋಡೋಕೆ ಮಾತ್ರ. ಮೇಲಿನ ಸ್ಲಾಟ್ ನೇರ ಸಿಪಿಯುಗೆ ಹೋಗುತ್ತೆ, ನಿಮ್ಮ 3600ರ ಜೊತೆ 16 ಲೇನ್ 3.0. ಬಿ450ರಲ್ಲಿ ಕೆಳಗಿನ ಉದ್ದ ಸ್ಲಾಟ್ ಸಾಮಾನ್ಯವಾಗಿ ಚಿಪ್‌ಸೆಟ್‌ನಿಂದ (ಬೋರ್ಡಿನ ಮೇಲಿರೋ ಇನ್ನೊಂದು ಚಿಪ್) ಬರೋ 4 ಲೇನ್ 2.0, ಅಂದ್ರೆ ಸೆಕೆಂಡಿಗೆ ಹೆಚ್ಚಂದ್ರೆ 2 ಜಿಬಿ. 4060 ಮೇಲಿದ್ದಿದ್ರೆ 8 ಲೇನ್ 3.0, ಹತ್ತಿರ ಹತ್ತಿರ 8 ಜಿಬಿ ಸಿಕ್ತಿತ್ತು. ಒಳಗೆ ಕಾರ್ಡು ಬೇಗ ಮುಗಿಸಿ ಕೂತಿದೆ, ಟೆಕ್ಸ್ಚರ್ ಬರೋ ದಾರೀಲಿ ಟ್ರಾಫಿಕ್ ಜಾಮ್. 70 ವ್ಯಾಟ್, 52 ಡಿಗ್ರಿ, ಜರ್ಕ್ ಎಲ್ಲಾ ಅದರದ್ದೇ. 3060 ಪೂರ್ತಿ ಹೊರಗೆ ತೆಗೆದು ಇದನ್ನ ಮೇಲೆ ಕೂರಿಸಿ ಅದೇ ಬೆಂಚ್‌ಮಾರ್ಕ್ ಓಡಿಸಿ.

192_ಬಿಟ್_ಭಕ್ತ
ಹಾಗಾದ್ರೂ ಬಿ450ರಲ್ಲಿ 4060ಗೆ ಸಿಗೋದು ಅರ್ಧ ದಾರಿ, ಅದು 4.0 ಕಾರ್ಡು. 16 ಲೇನ್ ಕೊಡದೆ ಜಿಪುಣತನ ಮಾಡಿದಾರೆ.

ಫ್ರೇಮ್_ಹಸಿವು
ಬಿ450ಗೂ ಒಂದು ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಹಾಕಿದ್ರೆ 4.0 ಬರುತ್ತೆ ಅಂತ ಓದಿದ ನೆನಪು.

ಶೇಡರ್_ಸೂರಿ
2019ರ ಮಾತು ಅದು. ಕೆಲವು 400 ಸರಣಿ ಬೋರ್ಡ್‌ಗಳ ಶುರುವಿನ ಬಯೋಸ್‌ನಲ್ಲಿ ಇತ್ತು, ಎಎಂಡಿ ಆಮೇಲೆ ತೆಗೆಸಿತು. ಅದಕ್ಕೋಸ್ಕರ ಹಳೇ ಬಯೋಸ್‌ಗೆ ಹೋಗೋ ಸಾಹಸ ಬೇಡ ಮಾರಾಯ. 8 ಜಿಬಿ ಒಳಗೆ ಗೇಮ್ ಹಿಡಿಸಿದ್ರೆ 3.0ಕ್ಕೆ ಆಗೋ ನಷ್ಟ ಅಂಥ ದೊಡ್ಡದಲ್ಲ.

ತಂತಿಗೊಂಚಲು
ಒಂದು ನಿಮಿಷ. ಎರಡು ಕಾರ್ಡಿಗೆ ಕರೆಂಟ್ ಎಲ್ಲಿಂದ ಕೊಟ್ರಿ?

ಅರೆಬೆಂದ_ಪಿಕ್ಸೆಲ್
ಒಂದೇ ಕೇಬಲ್‌ಗೆ ಎರಡು ಕನೆಕ್ಟರ್ ಇತ್ತು, ಒಂದೊಂದಕ್ಕೆ ಒಂದೊಂದು.

ತಂತಿಗೊಂಚಲು
😤

ಅರೆಬೆಂದ_ಪಿಕ್ಸೆಲ್
3060 ತೆಗೆದಿಟ್ಟೆ, 4060 ಮೇಲೆ ಕೂರಿಸಿದೆ. ಎಕ್ಸ್8 3.0 ಅಂತ ತೋರಿಸ್ತಿದೆ. ಸರಾಸರಿ 74! ಜರ್ಕ್ ಇಲ್ಲ, ಕಾರ್ಡು 112 ವ್ಯಾಟ್ ಎಳೀತಿದೆ. ಹಳೇ_ಕೀಬೋರ್ಡ್ ಸರ್, ಅಡ್ಡ ಬಿದ್ದೆ. ಆದ್ರೆ ಆಸೆ ತಡೀದೆ 1440ಪಿ ಮಾಡಿ ರೇ ಟ್ರೇಸಿಂಗ್ (ಬೆಳಕು ನಿಜದ ಥರ ಕಾಣೋ ಹಾಗೆ ಲೆಕ್ಕ ಹಾಕೋದು) ಹಾಕಿದೆ, ಅಲ್ಲಿ ಮತ್ತೆ ಅಲ್ಲಲ್ಲಿ ಎಳೆದಾಡುತ್ತೆ. ಮೆಮೊರಿ 7.8 ಜಿಬಿ ತುಂಬಿದೆ.

192_ಬಿಟ್_ಭಕ್ತ
ನಾನೇನು ಹೇಳಿದ್ದೆ?

ಶೇಡರ್_ಸೂರಿ
ನೀವು ಹೇಳಿದ್ದು 1080ಪಿಗೆ. ಅರೆಬೆಂದ_ಪಿಕ್ಸೆಲ್, ನೀವು ಟೆಕ್ಸ್ಚರ್ ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಿ ನೋಡಿ.

ನವಫ್ಯಾನ್
ನನ್ನ ಕಡೆ 24 ಜಿಬಿ ಇದೆ, ಇನ್ನೂ ತುಂಬಿದ್ದೇ ಇಲ್ಲ.

ತಂತಿಗೊಂಚಲು
ಎಲ್ಲಾ ಸರಿ, ಆ ಕೇಬಲ್ ಬದಲಾಯಿಸಿದ್ರಾ ಇಲ್ವಾ?